ಬಿಳಿಗಿರಿಯಲ್ಲಿ ಹುಲಿಯಾಚೆ
ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರಲ್ಲಿ ಬಹಳ ಜನ ಸಫಾರಿ ಜೀಪಿನಲ್ಲಿ ಒಂದು ಸುತ್ತು ಹಾಕಿ, ಹುಲಿ ಕಾಣಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡು ಇಳಿಯುತ್ತಾರೆ. ಪೂರ್ವ ಘಟ್ಟ, ಪಶ್ಚಿಮ ಘಟ್ಟಗಳು ಕೂಡುವ ಈ ಸೀಮೆಯಲ್ಲಿ ಬುಡದ ಕುರುಚಲು ಕಾಡಿನಿಂದ ನೆತ್ತಿಯ ಶೋಲಾ, ಹುಲ್ಲುಗಾವಲಿನವರೆಗೆ ಎಷ್ಟೋ ಬಗೆಯ ಕಾಡುಗಳನ್ನು ಒಂದೇ ಬೆಳಗಿನಲ್ಲಿ ದಾಟಬಹುದು. ಆದರೂ ನಿಂತು ನೋಡಬೇಕಾದ್ದು ರಸ್ತೆಯಂಚಿನ ಲಂಟಾನ. ಗುಲಾಬಿ, ಹಳದಿ ಕಲೆತ ಪುಟ್ಟ ಹೂಗೊಂಚಲು, ಉಜ್ಜಿದರೆ ಮೂಗಿಗೆ ಘಾಟು ಹತ್ತುವ ಎಲೆ, ಕೈ ಗೀರುವ ಮುಳ್ಳುಕಾಂಡ; ಪೊದೆ ದಟ್ಟವಾದ ಕಡೆ ಹುಲ್ಲೂ ಬೆಳೆಯದು, ನೆಲ್ಲಿಯ ಸಸಿಯೂ ಮೇಲೇಳದು. ನೆಲದ ತರಗೆಲೆಗೆ ತಾವು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆಯೇ ಇದು ಕಾಡನ್ನೆಲ್ಲ ನುಂಗಿತು ಎನ್ನುತ್ತಾರೆ ಇಲ್ಲಿನ ಬುಡಕಟ್ಟು ಜನರಾದ ಸೋಲಿಗರು. ಆ ಮಾತನ್ನು ನಾನಂತೂ ನಂಬುತ್ತೇನೆ. ಈ ಕಾಡನ್ನು ತಲೆತಲಾಂತರದಿಂದ ನಡೆದು ಬಲ್ಲವರು ಅವರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕಿಗೂ ಮಾನ್ಯತೆ ಸಿಕ್ಕಿತು. ಎರಡೂ ಒಟ್ಟಿಗೆ ಬಂದದ್ದು ನನ್ನ ಮಟ್ಟಿಗೆ ದೊಡ್ಡ ಸಮಾಧಾನ. ಅನುಮತಿ ಸಿಕ್ಕರೆ ಸೋಲಿಗ ಮಾರ್ಗದರ್ಶಿಯೊಬ್ಬರ ಜೊತೆ ಅವರು ಪೂಜಿಸುವ ದೊಡ್ಡ ಸಂಪಿಗೆ ಮರದ ತನಕ ಹೋಗಿ, ಜೇನು ಕಿತ್ತಾಗ ಹುಳುವಿಗೆಂದು ಎಷ್ಟು ಬಿಟ್ಟುಬರುತ್ತೀರಿ ಎಂದು ಕೇಳಿ.