ಹಂಗಳದಲ್ಲಿ ಕಾದ ಅರಸುಮಗ, ನಂಜನಗೂಡಿನ ಜಂಗಮರು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರದ ಕಾಡು ಶುರುವಾಗುವ ಮೊದಲು ಹಂಗಳ ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಅಲ್ಲಿ ಬಲಕ್ಕೆ ತಿರುಗುತ್ತಾರೆ, ಚಹಾ ಕುಡಿಯುವವರು ನಿಲ್ಲುತ್ತಾರೆ, ಉಳಿದವರು ಹಾಗೆಯೇ ಹೋಗಿಬಿಡುತ್ತಾರೆ. ಸರ್ಕಾರಿ ಜೀಪಿನಲ್ಲಿ ಕೆರೆ ಏರಿಗಳನ್ನು ನೋಡಲು ನಾನು ಎಷ್ಟು ಸಲ ಆ ಊರನ್ನು ದಾಟಿದ್ದೇನೋ ಲೆಕ್ಕವಿಲ್ಲ. ಮೈಸೂರಿನ ಸಿಂಹಾಸನಕ್ಕೆ ಹಕ್ಕುಳ್ಳವನೊಬ್ಬ ಸರದಿಗಾಗಿ ಕಾದು ಕೂತದ್ದು ಇದೇ ಊರಿನಲ್ಲಿ ಎಂಬುದು ನಿವೃತ್ತಿಯಾಗಿ ಪುಸ್ತಕ ಹಿಡಿದ ಮೇಲೆ ತಿಳಿಯಿತು.

ಅವನೇ ಚಿಕ್ಕದೇವರಾಜ ಒಡೆಯರು. 1645ರಲ್ಲಿ ಹುಟ್ಟಿದವರು. ರಣಧೀರ ಕಂಠೀರವ ನರಸರಾಜ ಒಡೆಯರು 1659ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಇವರಿಗೆ ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ಮುಪ್ಪಿನ ದೇವರಾಜ ಒಡೆಯರ ಹಿರಿಯ ಮಗ ದೊಡ್ಡದೇವರಾಜಯ್ಯನವರ ಮಗ ಇವರು. ವಂಶದ ಹಿರಿತನ ನೋಡಿದರೆ ಇವರ ಮನೆಗೆ ಬರಬೇಕಾದ ಗದ್ದುಗೆ ತಂದೆಯ ತಮ್ಮ ಕೆಂಪದೇವಯ್ಯನವರಿಗೆ ಹೋಯಿತು. ಅವರೇ ದೊಡ್ಡದೇವರಾಜ ಒಡೆಯರೆಂಬ ಹೆಸರಿನಲ್ಲಿ 1673ರವರೆಗೆ ಆಳಿದರು. ಗದ್ದುಗೆ ತಪ್ಪಿದ ಅಣ್ಣನನ್ನೂ ಅವನ ಮಗನನ್ನೂ ರಾಜಧಾನಿಯಲ್ಲಿ ಇಟ್ಟುಕೊಳ್ಳುವುದು ಯಾವ ಅರಸನಿಗೂ ನೆಮ್ಮದಿಯ ವಿಷಯವಲ್ಲ. ಅವರನ್ನು ಕಾವಲಿನಲ್ಲಿ ಹಂಗಳಕ್ಕೆ ಕಳಿಸಿದರು ಎಂದು ಮೈಸೂರಿನ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ತಂದೆಗೆ ಸಿಂಹಾಸನ ಕೊನೆಗೂ ದಕ್ಕಲಿಲ್ಲ. ಮಗ ಪಟ್ಟಕ್ಕೆ ಬಂದ ಮೇಲೆ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ಅದು ಪಾಳುಬಿದ್ದು ಉತ್ಸವಮೂರ್ತಿಯನ್ನು ಊರೊಳಗಿನ ವಿಜಯನಾರಾಯಣ ಗುಡಿಗೆ ತಂದಿಟ್ಟಿದ್ದಾರೆ. ನಮ್ಮ ಸೀಮೆಯಲ್ಲಿ ಇತಿಹಾಸವನ್ನು ನೋಡಿಕೊಳ್ಳುವ ರೀತಿಯೇ ಹೀಗೆ.

ಹಂಗಳದ ಆ ದಿನಗಳ ಬಗ್ಗೆ ನನಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಕಾಯುತ್ತಿದ್ದ ತರುಣನ ಜೊತೆಗಾರರು ಯಾರು ನೋಡಿ. ಒಬ್ಬ ಯಳಂದೂರಿನ ಜೈನ, ವಿಶಾಲಾಕ್ಷ ಪಂಡಿತ. ಇನ್ನೊಬ್ಬ ಶ್ರೀವೈಷ್ಣವ, ತಿರುಮಲಾರ್ಯ. ಮೂರನೆಯವನು ನಮ್ಮ ಷಡಕ್ಷರದೇವ. ಧನಗೂರಿನವನು, ಯಳಂದೂರಿನ ಮಠಕ್ಕೆ ಸೇರಿದವನು, 1655ರಲ್ಲೇ ‘ರಾಜಶೇಖರ ವಿಳಾಸ’ ಬರೆದು ಹೆಸರಾದವನು. ಇವರೆಲ್ಲ ಒಟ್ಟಿಗೆ ಓದಿದರು, ಗೆಳೆಯರಾಗಿದ್ದರು ಎಂಬ ಪ್ರತೀತಿ ನಮ್ಮ ಕಡೆ ಬಲವಾಗಿದೆ. ತಾನು ದೊರೆಯಾದರೆ ನಿನ್ನನ್ನು ಮಂತ್ರಿ ಮಾಡುತ್ತೇನೆಂದು ವಿಶಾಲಾಕ್ಷ ಪಂಡಿತನಿಗೆ ಕೊಟ್ಟ ಮಾತನ್ನು 1673ರಲ್ಲಿ ಪಟ್ಟವಾದ ಮೇಲೆ ಅರಸು ಉಳಿಸಿಕೊಂಡರು. ಷಡಕ್ಷರದೇವನು ಬಸವಣ್ಣನವರ ಚರಿತೆಯಾದ ‘ವೃಷಭೇಂದ್ರ ವಿಜಯ’ ಬರೆದದ್ದೂ ಆ ಆಸುಪಾಸಿನ ವರ್ಷಗಳಲ್ಲೇ.

ಮೂರು ಮತದವರ ಜೊತೆ ಕೂತು ಬೆಳೆದ ಇಂಥ ಮನುಷ್ಯನ ಹೆಸರು ನಮ್ಮವರ ಬಾಯಲ್ಲಿ ಬರುವುದು ನಂಜನಗೂಡಿನ ಜಂಗಮರ ಕೊಲೆಯ ಜೊತೆಗೆ. ಶರಣ ಬಂಧುಗಳಿಗೆ ಕಥೆ ಗೊತ್ತಿರಬಹುದು. ಆದರೂ ಭಾಷಣಗಳಲ್ಲಿ ಅದರ ಅರ್ಧವನ್ನಷ್ಟೇ ಹೇಳುವುದರಿಂದ ಇನ್ನರ್ಧವನ್ನೂ ಸೇರಿಸಿ ಹೇಳುತ್ತೇನೆ.

ವಿಲ್ಕ್ಸ್ ಹೇಳುವ ಪ್ರಕಾರ ಬೆಳೆಯ ಆರರಲ್ಲಿ ಒಂದು ಪಾಲು ಅರಸನದು ಎಂಬ ಹಳೆಯ ಕಟ್ಟಳೆಯನ್ನು ಚಿಕ್ಕದೇವರಾಜರು ನೇರವಾಗಿ ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಹತ್ತಾರು ಹೆಸರಿನ ಚಿಲ್ಲರೆ ತೆರಿಗೆಗಳನ್ನು ಹೂಡಿದರು. ಆ ಕಾಟ ತಾಳಲಾರದೆ ರೈತನೇ ಬಂದು, ಇವೆಲ್ಲ ಬೇಡ, ಕಂದಾಯವನ್ನೇ ಇಷ್ಟು ಹೆಚ್ಚು ಕೊಡುತ್ತೇನೆ ಎಂದು ಒಪ್ಪಿಕೊಳ್ಳುವ ಹಾಗೆ ಮಾಡಿದರು. ಸರ್ಕಾರದಲ್ಲಿ ಕೆಲಸ ಮಾಡಿದ ನನಗೆ ಈ ಉಪಾಯ ಅಪರಿಚಿತವೇನಲ್ಲ. ದಿನವೂ ಎರಡು ಸಾವಿರ ವರಹ ಬೊಕ್ಕಸಕ್ಕೆ ಸೇರಿದ ಮೇಲೆಯೇ ಅರಸು ಊಟಕ್ಕೆ ಏಳುತ್ತಿದ್ದರಂತೆ. ‘ನವಕೋಟಿ ನಾರಾಯಣ’ ಎಂಬ ಹೆಸರು ಬಂದದ್ದು ಹೀಗೆ. ರೈತರು ಉಳುಮೆ ನಿಲ್ಲಿಸಿ ನೇಗಿಲನ್ನು ಊರಬಾಗಿಲ ಮರಕ್ಕೆ ತೂಗಿಹಾಕಿದರು. ಅವರ ಬೆನ್ನಿಗೆ ನಿಂತವರು ಜಂಗಮರು. ಅರಸು ಮಾತುಕತೆಗೆಂದು ಜಂಗಮರನ್ನು ನಂಜನಗೂಡಿಗೆ ಕರೆಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು, ನಾನೂರರಷ್ಟು ಮಂದಿಯನ್ನು ಕೊಲ್ಲಿಸಿ ಗುಂಡಿಗೆ ಹಾಕಿಸಿದರು, ಏಳುನೂರಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿದರು ಎನ್ನುತ್ತದೆ ಆ ಬರಹ. ವಿಶಾಲಾಕ್ಷ ಪಂಡಿತ 1686ರಲ್ಲಿ ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂದಿರುಗುವಾಗ ಕೊಲೆಯಾದ. ಇದು ಆ ಸೇಡಿನ ಮುಂದುವರಿಕೆ ಎಂಬುದೂ ಅದೇ ಕಥೆಯ ಭಾಗ.

ವಿಲ್ಕ್ಸ್ ಪುಸ್ತಕದ ಮೊದಲ ಸಂಪುಟ ಬಂದದ್ದು 1810ರಲ್ಲಿ. ಘಟನೆಗೂ ಬರಹಕ್ಕೂ ನಡುವೆ ನೂರಿಪ್ಪತ್ತು ವರ್ಷಗಳ ಅಂತರ. ಹೀಗಾಗಿ ಅದು ಕಟ್ಟುಕಥೆ ಎಂದು ತಳ್ಳಿಹಾಕುವವರು ಇದ್ದಾರೆ. ನಾನೂರು ಎಂಬ ಅಂಕಿಯನ್ನು ಶಿಲಾಶಾಸನದಂತೆ ಉದ್ಧರಿಸುವವರೂ ನಮ್ಮಲ್ಲಿದ್ದಾರೆ. ಎರಡೂ ಸರಿಯಲ್ಲ. ತೆರಿಗೆಯ ಭಾರಕ್ಕೆ ಮೈಸೂರು ಸೀಮೆಯ ಜನ ದಂಗೆಯೆದ್ದ ಮಾತು ಆ ಕಾಲದ ಜೆಸ್ಯೂಟ್ ಪಾದ್ರಿಗಳ ಪತ್ರಗಳಲ್ಲೂ ಇದೆ. ದಂಗೆ ನಿಜ, ಅದನ್ನು ಕ್ರೂರವಾಗಿ ಹತ್ತಿಕ್ಕಿದ್ದೂ ನಂಬಬಹುದಾದದ್ದು. ಸಂಖ್ಯೆಯ ವಿಷಯದಲ್ಲಿ ನಾವು ನಾಲಿಗೆ ಬಿಗಿಹಿಡಿಯಬೇಕು. ಒಂದೇ ಮಾಪನದ ಮೇಲೆ ಅಣೆಕಟ್ಟು ಕಟ್ಟಬಾರದೆಂದು ಕಲಿತವನು ನಾನು. ಈ ಕಥೆಯನ್ನು ಹಿಡಿದು ಇಂದಿನ ಅರಮನೆಯ ಮೇಲೋ ಬೇರೆ ಮತದವರ ಮೇಲೋ ಹಲ್ಲುಮಸೆಯುವುದಂತೂ ಬಸವತತ್ತ್ವವಲ್ಲ.

ಆ ಅರಸು ಬರೀ ಕ್ರೂರಿಯೂ ಆಗಿರಲಿಲ್ಲ. ಹದಿನೆಂಟು ಕಚೇರಿಗಳ ಆಡಳಿತ, ಅಂಚೆ ವ್ಯವಸ್ಥೆ ಅವರ ಹೆಸರಿನಲ್ಲಿವೆ. ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಯ ಸಾಗರ ನಾಲೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಆ ನಾಲೆಯ ಇಳಿಜಾರು ನೋಡಿದ ಯಾವ ಎಂಜಿನಿಯರೂ ಟೋಪಿ ತೆಗೆಯಬೇಕು. ಯಳಂದೂರಿನ ಹೆಣ್ಣುಮಗಳು ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದದ್ದು ಇವರದೇ ಆಶ್ರಯದಲ್ಲಿ.

ಹಾಗಾದರೆ ಕೆಟ್ಟದ್ದು ಎಲ್ಲಿ? ನನ್ನ ಅಭಿಪ್ರಾಯ ಹೀಗಿದೆ. ಸಿಂಹಾಸನ ನನ್ನ ರಕ್ತದ ಆಸ್ತಿ, ಯಾರೋ ಕಿತ್ತುಕೊಂಡಿದ್ದಾರೆ ಎಂದು ಹದಿನಾಲ್ಕು ವರ್ಷ ನಂಬಿ ಕಾದವನು, ಸಿಕ್ಕ ಮೇಲೆ ಅದರ ಜೊತೆ ಬರುವ ಜನರನ್ನೂ ಆಸ್ತಿಯೆಂದೇ ನೋಡುತ್ತಾನೆ. ಆಸ್ತಿ ಎದುರು ಮಾತಾಡುವುದಿಲ್ಲ. ನೇಗಿಲು ಮರ ಏರಿದ್ದು ಅವರಿಗೆ ದೂರಾಗಿ ಕೇಳಲಿಲ್ಲ, ಕಳ್ಳತನವಾಗಿ ಕಂಡಿತು. ಅದೇ ರಕ್ತದ ನ್ಯಾಯ ಮುಂದೆ ಅವರ ಮನೆಯನ್ನೂ ಬಿಡಲಿಲ್ಲ. 1704ರಲ್ಲಿ ಅವರು ತೀರಿಕೊಂಡಾಗ ಪಟ್ಟ ಮಗನಿಗೆ ಬಂತು. ಆ ಮಗ ಹುಟ್ಟಿನಿಂದ ಕಿವಿ, ಮಾತು ಇಲ್ಲದವರು, ಜನ ಅವರನ್ನು ಮೂಕರಸು ಎಂದರು. ಅದು ಅವರ ತಪ್ಪಲ್ಲ. ಆದರೆ ಅವರ ಹೆಸರಿನಲ್ಲಿ ಬೇರೆಯವರು ಆಳುವುದಕ್ಕೆ ದಾರಿಯಾಯಿತು. ಕಳಲೆಯ ದಳವಾಯಿಗಳು ಬಲಿತು, 1734ರ ಹೊತ್ತಿಗೆ ಅರಸನನ್ನೇ ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸುವಷ್ಟು ಮುಂದುವರಿದರು. ಅರಿಕುಠಾರದಲ್ಲಿ ಹುಟ್ಟಿದ ಮಗುವೊಂದನ್ನು 1776ರಲ್ಲಿ ಹೈದರಾಲಿ ಆರಿಸಿ ಗದ್ದುಗೆಯ ಮೇಲೆ ಕೂರಿಸಿದ. ಆ ಮಗುವಿನ ನೆನಪಿಗೇ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಚಾಮರಾಜನಗರವೆಂದು ಹೆಸರಿಟ್ಟದ್ದು. ನಮ್ಮ ಜಿಲ್ಲೆಯ ಹೆಸರಿನಲ್ಲೇ ಈ ಗದ್ದುಗೆಯ ಕಥೆ ಕೂತಿದೆ.

ಇನ್ನು ನಮ್ಮ ಮನೆಯ ಮಾತು. ಚಾಮರಾಜನಗರದಿಂದ ಕೂಗಳತೆಯಲ್ಲಿ ಹರದನಹಳ್ಳಿ ಇದೆ. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು. ಅವರಿಗೆ ಪೀಠ ಬಂದದ್ದು ತಂದೆಯಿಂದಲ್ಲ, ಗುರು ಗೋಸಲ ಚನ್ನಬಸವೇಶ್ವರರಿಂದ. ಶೂನ್ಯ ಸಿಂಹಾಸನದ ಪರಂಪರೆಯೇ ಹಾಗೆ. ಅಲ್ಲಮಪ್ರಭುಗಳ ನಂತರ ಚನ್ನಬಸವಣ್ಣನವರು, ಆಮೇಲೆ ಸಿದ್ಧರಾಮರು ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಅವರಲ್ಲಿ ಯಾರೂ ಇನ್ನೊಬ್ಬರ ಮಗನಲ್ಲ, ಅರ್ಹತೆಯೊಂದೇ ಅಲ್ಲಿದ್ದ ಹಕ್ಕುಪತ್ರ. ನೇಗಿಲಿನ ಬೆನ್ನಿಗೆ ನಿಂತ ಜಂಗಮರನ್ನೂ ಹಾಗೆಯೇ ನೆನೆಯುತ್ತೇವೆ. ಕಾವಿಯ ಬಲವಲ್ಲ, ಊರೂರು ಸುತ್ತಿ ರೈತನ ಒಲೆಯ ಮುಂದೆ ಕೂತ ಬಲ ಅವರದು.

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನವೂ ಇದೆ, ಏಕೆಂದರೆ ಎರಡು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಮಠದ ಉತ್ತರಾಧಿಕಾರಿ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಮಠದ ಹೆಸರು ಬೇಡ. ಅಲ್ಲಿನ ಪ್ರಸಾದ ನಿಲಯದಲ್ಲೇ ಬೆಳೆದು, ಅಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಹುಡುಗನಿದ್ದ. ವಚನ ಸಾಹಿತ್ಯ ಅವನ ನಾಲಿಗೆಯ ಮೇಲಿತ್ತು, ಮಳೆಗಾಲದಲ್ಲಿ ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದ. ಅವನ ತಂದೆ ಕುಂಬಾರಿಕೆ ಮಾಡುವವರು. ಇನ್ನೊಬ್ಬರು ಹಿರಿಯ ಸ್ವಾಮಿಗಳ ಪೂರ್ವಾಶ್ರಮದ ಅಣ್ಣನ ಮೊಮ್ಮಗ. ಮಠಕ್ಕೆ ವರ್ಷಕ್ಕೊಮ್ಮೆ ಜಾತ್ರೆಗೆ ಬಂದವರು. ಚರ್ಚೆ ಅರ್ಧ ಗಂಟೆ ನಡೆಯಿತು. ‘ಜಂಗಮ ಮನೆತನದವರೇ ಆಗಬೇಕು, ಪದ್ಧತಿ’ ಎಂದರು ಒಬ್ಬರು. ಯಾರೂ ಎದುರು ಹೇಳಲಿಲ್ಲ. ಹೊರಗೆ ಬಂದ ಮೇಲೆ ಕಾರಿನಲ್ಲಿ ಕೂತು ಬೇಸರಪಟ್ಟುಕೊಂಡೆ, ಒಳಗೆ ಸಹಿ ಹಾಕಿದ್ದೆ. ಇಲಾಖೆಯಲ್ಲಿ ಮೂವತ್ತು ವರ್ಷ ಕಲಿತ ಅಭ್ಯಾಸ ಅದು, ಮೇಲಿನವರ ಟಿಪ್ಪಣಿಯ ಕೆಳಗೆ ‘ಒಪ್ಪಿದೆ’ ಎಂದು ಬರೆಯುವುದು. ಆ ಹುಡುಗ ಈಗ ಗುಂಡ್ಲುಪೇಟೆಯ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರು. ಎದುರು ಸಿಕ್ಕಾಗ ಮೊದಲಿನಂತೆಯೇ ಶರಣು ಎನ್ನುತ್ತಾನೆ.

ಇಷ್ಟಲಿಂಗ ಕಟ್ಟಿದ ಮೇಲೆ ಪೂರ್ವಾಶ್ರಮವಿಲ್ಲ ಎನ್ನುತ್ತೇವೆ. ಹಾಗಿದ್ದ ಮೇಲೆ ಪೂರ್ವಾಶ್ರಮದ ಅಣ್ಣನ ಮೊಮ್ಮಗನಿಗೆ ಹಕ್ಕು ಎಲ್ಲಿಂದ ಬಂತು? ಹುಟ್ಟಿನಿಂದ ಜಂಗಮತ್ವ ಬರುವುದಾದರೆ ಜಂಗಮವೂ ಒಂದು ಜಾತಿಯಾಯಿತು. ಜಾತಿಯಾದ ಜಂಗಮ ನೇಗಿಲಿನ ಬೆನ್ನಿಗೆ ನಿಲ್ಲುವುದಿಲ್ಲ, ಪೀಠದ ಬೆನ್ನಿಗೆ ನಿಲ್ಲುತ್ತಾನೆ. ಪೀಠ, ಜಮೀನು, ಕಾಲೇಜು ಎಲ್ಲವೂ ಸೇರಿ ಈಗ ಮಠವೆಂದರೆ ಪುಟ್ಟ ಸಂಸ್ಥಾನ. ಆ ಸಂಸ್ಥಾನಗಳಿಗೂ ಹಂಗಳಗಳಿವೆ, ಅಲ್ಲಿ ಯಾರೋ ಕಾಯುತ್ತಾ ಕೂತಿರುತ್ತಾರೆ, ಕೋರ್ಟಿನ ಕಟ್ಟೆಯ ಮೇಲೆ ವಕೀಲರ ಜೊತೆ.

ಪದ್ಧತಿ ಮುರಿಯಬೇಕೆಂದು ದೊಡ್ಡ ಘೋಷಣೆ ಮಾಡುವ ಶಕ್ತಿ ನನಗಿಲ್ಲ. ನನಗೆ ಗೊತ್ತಿರುವುದು ಕರಡು ಬರೆಯುವುದು. ನಾನು ಸದಸ್ಯನಾಗಿರುವ ಆ ಮಠದ ಟ್ರಸ್ಟಿನ ನಿಯಮಾವಳಿಗೆ ಎರಡು ಸಾಲಿನ ತಿದ್ದುಪಡಿ ಬರೆದು ಕೊಟ್ಟಿದ್ದೇನೆ. ಮೊದಲನೆಯದು, ಪೀಠಾಧಿಪತಿಗಳ ಪೂರ್ವಾಶ್ರಮದ ಬಂಧುಗಳನ್ನು ಉತ್ತರಾಧಿಕಾರಕ್ಕೆ ಪರಿಗಣಿಸತಕ್ಕದ್ದಲ್ಲ. ಎರಡನೆಯದು, ಲಿಂಗದೀಕ್ಷೆ ಪಡೆದು ಮಠದಲ್ಲಿ ಹತ್ತು ವರ್ಷ ದಾಸೋಹ ಮಾಡಿದ ಯಾರನ್ನಾದರೂ, ಅವರ ಹುಟ್ಟನ್ನು ಕೇಳದೆ, ಪರಿಗಣಿಸತಕ್ಕದ್ದು. ಹಿರಿಯ ಸ್ವಾಮಿಗಳು ಕಾಗದವನ್ನು ಎರಡು ಸಲ ಓದಿ ಮಡಚಿ ಪಂಚಾಂಗದೊಳಗೆ ಇಟ್ಟುಕೊಂಡರು. ಬಸವ ಜಯಂತಿ ಆದ ಮೇಲೆ ಸಭೆ ಕರೆಯುವುದಾಗಿ ಹೇಳಿದ್ದಾರೆ. ಈ ಸಲ ಸಹಿ ಹಾಕುವ ಮೊದಲು ನಾನು ಮಾತಾಡುತ್ತೇನೆ.