ಉಪ್ಪಿಗೆ ಹೆದರದ ಜೀವಿಗಳು

ಉಪ್ಪಿನಕಾಯಿಗೆ ಉಪ್ಪು ಸಾಲದಿದ್ದರೆ ಬೂಷ್ಟು ಹಿಡಿಯುತ್ತದೆಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಉಪ್ಪು ಹೆಚ್ಚಿದ ಕಡೆ ಸೂಕ್ಷ್ಮಜೀವಿಗಳ ಆಟ ಸಾಗದು. ಹೀಗಿರುವಾಗ, ಸಮುದ್ರಕ್ಕಿಂತಲೂ ಉಪ್ಪಾದ ನೀರಿರುವ ಎಣ್ಣೆಯ ಪದರಗಳಿಗೆ ಅವನ್ನೇ ಇಳಿಸಿ ಕೆಲಸ ಮಾಡಿಸುತ್ತಾರೆಂದು ಓದಿದಾಗ ನಾವು ನಕ್ಕಿದ್ದುಂಟು. ಈಗ ನಗುವುದಿಲ್ಲ.

ಖನಿಜ ತೈಲ ಭೂಮಿಯೊಳಗೆ ಕೆರೆಯಂತೆ ನಿಂತಿರುವುದಿಲ್ಲ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಿಗೆ ಅಂಟಿಕೊಂಡಿರುತ್ತದೆ. ನೀರು ನುಗ್ಗಿಸಿ ಹೊರಡಿಸಿದರೂ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಅಲ್ಲಿಯೇ ಉಳಿಯುತ್ತದೆ. ಎಣ್ಣೆ ಹಚ್ಚಿದ ತಲೆಗೆ ಬರಿಯ ನೀರು ಹುಯ್ದರೆ ಜಿಡ್ಡು ಹೋದೀತೆ? ಸೀಗೆಕಾಯಿ ಬೇಕು. ಕೆಲವು ಬ್ಯಾಕ್ಟೀರಿಯಾಗಳು ಅಂತಹ ಸೀಗೆಯನ್ನು ತಾವೇ ತಯಾರಿಸುತ್ತವೆ. ಇನ್ನು ಕೆಲವು ಅನಿಲ ಬಿಟ್ಟು ಎಣ್ಣೆಯನ್ನು ನೂಕುತ್ತವೆ. 1954ರಲ್ಲಿಯೇ ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಇಂತಹ ಜೀವಿಗಳನ್ನೂ ಅವುಗಳ ಮೇವಿಗೆಂದು ಕಾಕಂಬಿಯನ್ನೂ ಎಣ್ಣೆಯ ಪದರಕ್ಕೆ ಇಳಿಸಿ ನೋಡಿದರು.

ತೊಡಕು ಉಪ್ಪಿನದು. ರಾಯದುರ್ಗ, ಮಡಕಶಿರಾ ಕಡೆಯ ಸವುಳು ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯಾಗದೆ ಗಸಿಗಟ್ಟುವುದನ್ನು ಬಟ್ಟೆ ಒಗೆದವರೆಲ್ಲ ಬಲ್ಲರು. ಉಪ್ಪಾದ ಎಣ್ಣೆ ಪದರದಲ್ಲಿ ಎಷ್ಟೋ ರಾಸಾಯನಿಕ ಸಾಬೂನುಗಳ ಗತಿಯೂ ಅದೇ. ಆದರೆ ಉಪ್ಪನ್ನೇ ತವರಾಗಿಸಿಕೊಂಡ ಜೀವಿಗಳೂ ಇವೆ. ಉಪ್ಪಿನಾಗರಗಳ ನೀರು ಗಟ್ಟಿಯಾಗುತ್ತ ಕೆಂಪೇರುವುದು ಅಂಥವುಗಳಿಂದಲೇ.

ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತಿದೆ. ಟೆರಿ ಸಂಸ್ಥೆಯು ಒ.ಎನ್.ಜಿ.ಸಿ.ಯೊಡನೆ ದುಡಿದು, 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾವು ತಾಳುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿತು. 2007ರಲ್ಲಿ ಎರಡೂ ಸೇರಿ ಒಂದು ಕಂಪನಿಯನ್ನೇ ಕಟ್ಟಿದವು. ಇದು ಸಾಲದೆಂಬುದು ನಮ್ಮ ಅಭಿಪ್ರಾಯ. ಹಳೆಯ ಬಾವಿಯ ಹೂಳೆತ್ತದೆ ಬೋರಿನ ಮೇಲೆ ಬೋರು ಕೊರೆಸಿ ಸಾಲಗಾರರಾದ ಸೀಮೆಯವರು ನಾವು. ಎಣ್ಣೆಯ ವಿಷಯದಲ್ಲಿ ದೇಶವೂ ಅದೇ ದಾರಿ ಹಿಡಿಯಬಾರದು.

ಹಾಗೆಂದು ಸಿಕ್ಕ ಜೀವಿಯನ್ನೆಲ್ಲ ಬಾವಿಗೆ ಸುರಿಯಿರೆಂದು ನಾವು ಹೇಳುವುದಿಲ್ಲ. ಸಲ್ಫೇಟನ್ನು ಸಲ್ಫೈಡ್ ಮಾಡುವ ಜಾತಿಯೊಂದುಂಟು. ಅದು ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೊರಡಿಸಿ ಎಣ್ಣೆಯನ್ನು ಕೆಡಿಸುತ್ತದೆ, ಕಬ್ಬಿಣದ ಕೊಳವೆಗಳನ್ನು ತಿಂದುಹಾಕುತ್ತದೆ. ತಪ್ಪಿ ಅದಕ್ಕೆ ಮೇವು ಸಿಕ್ಕರೆ ಲಾಭದ ಮಾತು ಹಾಗಿರಲಿ, ಬಾವಿಯೇ ಹಾಳು. ಆದುದರಿಂದ ಹೊರಗಿನ ಜೀವಿಗಳನ್ನು ತಂದು ಬಿಡುವುದಕ್ಕೆ ಮೊದಲು ಆಯಾ ಬಾವಿಯ ನೀರನ್ನು ಪರೀಕ್ಷಿಸಬೇಕು. ಅಲ್ಲಿ ಮೊದಲಿನಿಂದಲೂ ಇರುವ ಜೀವಿಗಳಲ್ಲಿ ಉಪಕಾರಿಗಳು ಯಾವುವೆಂದು ತಿಳಿದು, ಅವುಗಳಿಗೆ ಮೇವು ಕೊಡುವುದೇ ಲೇಸು. ಅಲ್ಲಿಯ ಉಪ್ಪು ಅವುಗಳಿಗೆ ಈಗಾಗಲೇ ಒಗ್ಗಿದೆಯಲ್ಲ!