ಕರುಣೆಯೋ, ಕೌತುಕವೋ?

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ತರುಣ ಮಿತ್ರರೊಬ್ಬರು ತಾಯಿಯನ್ನಗಲಿದ ತಿಮಿಂಗಿಲದ ಮರಿಯೊಂದರ ವೃತ್ತಾಂತವನ್ನು ಪ್ರಬಂಧರೂಪದಲ್ಲಿ ಓದಿದರು. ಅವರು ಓದಿ ಮುಗಿಸುವಷ್ಟರಲ್ಲಿ ಸಭಿಕರಲ್ಲಿ ಹಲವರ ಕಣ್ಣುಗಳು ತೇವಗೊಂಡಿದ್ದವು. ಬಳಿಕ ನಡೆದ ಚರ್ಚೆಯಲ್ಲಿ ಆ ಮರಿಯನ್ನು ಕೊಂದ ಅಧಿಕಾರಿಗಳನ್ನು ಕಟುಕರೆಂದು ಜರಿಯದವರು ವಿರಳರು. ಸುಮ್ಮನೆ ಕುಳಿತಿದ್ದ ನನ್ನ ಕಡೆಗೆ ತಿರುಗಿ ಹಿರಿಯ ಸ್ನೇಹಿತರೊಬ್ಬರು, “ಮಾಸ್ತರ, ನಿಮಗ ಕರುಳ ಅನ್ನೂದು ಇಲ್ಲೇನ್ರಿ?” ಎಂದು ಕೇಳಿಯೇ ಬಿಟ್ಟರು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆದರೆ ಆ ಪ್ರಶ್ನೆಯು ನಗುವಿನೊಡನೆ ತೀರಿಹೋಗಲಿಲ್ಲ. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುವೆನು. ಕೆಲವರಿಗೆ ಇದು ರುಚಿಸಲಿಕ್ಕಿಲ್ಲ. ಅದಕ್ಕೆ ನಾನು ನಿರುಪಾಯನು.

ಸಭೆಗೆ ಬಾರದಿದ್ದ ವಾಚಕರ ಸಲುವಾಗಿ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. 2008ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಆಸ್ಟ್ರೇಲಿಯದ ಸಿಡ್ನಿ ಪಟ್ಟಣದ ಉತ್ತರಕ್ಕಿರುವ ಪಿಟ್‌ವಾಟರ್ ಎಂಬ ಕೊಲ್ಲಿಯಲ್ಲಿ ಗೂನುಬೆನ್ನಿನ ತಿಮಿಂಗಿಲದ ಮರಿಯೊಂದು ಒಂಟಿಯಾಗಿ ಕಾಣಿಸಿಕೊಂಡಿತು. ಅದು ಸುಮಾರು 15 ಅಡಿ ಉದ್ದದ ಎಳೆಯ ಮರಿ. ನಮ್ಮ ಅಮರಕೋಶವು ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿ ಹೇಳಿದ್ದರೂ ಅದು ಮೀನಲ್ಲ. ಆಕಳಿನಂತೆ ತನ್ನ ಮರಿಗೆ ಹಾಲೂಡುವ ಪ್ರಾಣಿ. ಹಸಿದ ಆ ಮರಿಯು ಕೊಲ್ಲಿಯಲ್ಲಿ ನಿಂತಿದ್ದ ಹಾಯಿದೋಣಿಗಳನ್ನೇ ತಾಯಿಯೆಂದು ಭ್ರಮಿಸಿ ಅವುಗಳ ಅಡಿಯಲ್ಲಿ ಮೊಲೆಗಾಗಿ ತಡಕಾಡುತ್ತಿತ್ತು. ಜನರು ಅದಕ್ಕೆ ಕಾಲಿನ್ ಎಂದು ಹೆಸರಿಟ್ಟರು. ಕಡಲಲ್ಲಿ ತಾಯಿಯಾಗಲಿ ಬೇರೆ ತಿಮಿಂಗಿಲಗಳಾಗಲಿ ಸಿಕ್ಕಾವೆಂಬ ಆಸೆಯಿಂದ ಅಧಿಕಾರಿಗಳು ದೋಣಿಯ ಬೆನ್ನಿಗೆ ಅದನ್ನು ಹೊರಗೆ ಕರೆದೊಯ್ದರು. ಅದು ತಿರುಗಿ ಕೊಲ್ಲಿಯ ದೋಣಿಗಳ ಬಳಿಗೇ ಬಂದಿತು. ದಿನದಿನಕ್ಕೆ ಸೊರಗಿತು. ಕಡೆಗೆ ಅದೇ ತಿಂಗಳ 22ನೆಯ ತಾರೀಖಿಗೆ ಪಶುವೈದ್ಯರು ಚುಚ್ಚುಮದ್ದು ಕೊಟ್ಟು ಅದರ ಪ್ರಾಣವನ್ನು ಬಿಡಿಸಿದರು. ಸತ್ತ ಮೇಲೆ ಪರೀಕ್ಷಿಸಲಾಗಿ, ಗಂಡು ಹೆಸರು ಹೊತ್ತ ಆ ಮರಿಯು ಹೆಣ್ಣೆಂದು ತಿಳಿಯಿತು. ಅದಕ್ಕಾಗಿ ಮರುಗಿದವರು ಅದನ್ನು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಈ ಒಂದು ಸಂಗತಿಯು ಸಾಕು.

ನಮ್ಮ ಸಭೆಯಲ್ಲಿ ಎದ್ದ ಆಕ್ಷೇಪಗಳು, ಅಂದು ಸಿಡ್ನಿಯಲ್ಲಿ ಎದ್ದವುಗಳಂತೆಯೇ, ಮುಖ್ಯವಾಗಿ ಎರಡು. ಹಾಲು ಕುಡಿಸಬಾರದಿತ್ತೇ? ಎಂಬುದು ಒಂದು. ಕೊಲ್ಲುವದಕ್ಕಿಂತ ಅದನ್ನು ಅದರ ಪಾಡಿಗೆ ಬಿಡಬಾರದಿತ್ತೇ? ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಿದು. ತಿಮಿಂಗಿಲದ ಮರಿಗೆ ದಿನಕ್ಕೆ ನೂರಾರು ಲೀಟರು ಹಾಲು ಬೇಕು. ಅದೂ ಕೆನೆಗಿಂತ ದಟ್ಟವಾದ ಹಾಲು. ಅದೂ ಹೆಚ್ಚುಕಡಿಮೆ ಒಂದು ವರ್ಷದವರೆಗೆ. ಗಂಗಾವತಿಯ ಎಮ್ಮೆಗಳನ್ನೆಲ್ಲ ಕರೆದು ತಂದರೂ ಅದರ ಹೊಟ್ಟೆಗೆ ಒಗ್ಗುವ ಹಾಲಾಗಲಾರದು. ಎರಡನೆಯದಕ್ಕೆ ಉತ್ತರವು ಇನ್ನೂ ಸುಲಭವು. ಹಸಿವಿನಿಂದ ದಿನಗಟ್ಟಲೆ ನರಳಿ ಸಾಯಲು ಬಿಟ್ಟು, ‘ನಾವು ಕೊಲ್ಲಲಿಲ್ಲ’ ಎಂದು ಕೈತೊಳೆದುಕೊಳ್ಳುವದು ಕರುಣೆಯಲ್ಲ. ಅದು ತನ್ನ ಕೈಗೆ ನೆತ್ತರು ಹತ್ತಬಾರದೆಂಬ ಮಡಿವಂತಿಕೆಯು.

ಇಲ್ಲಿ ಪೂರ್ವಪಕ್ಷದವರ ಕೈಯಲ್ಲಿ ಒಂದು ಬಲವಾದ ದೃಷ್ಟಾಂತವುಂಟು. ಅದನ್ನು ಮುಚ್ಚಿಡುವದು ನ್ಯಾಯವಲ್ಲ. 1997ರ ಜನವರಿಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ತೀರದಲ್ಲಿ ಇಂಥದೇ ತಬ್ಬಲಿ ಮರಿಯೊಂದು, ಬೂದುಬಣ್ಣದ ತಿಮಿಂಗಿಲದ್ದು, ಸಿಕ್ಕಿತು. ಅದನ್ನು ಸ್ಯಾನ್ ಡಿಯಾಗೋ ಪಟ್ಟಣದ ಜಲಪ್ರಾಣಿ ಉದ್ಯಾನದಲ್ಲಿಟ್ಟು ಸಾಕಿ, 1998ರ ಮಾರ್ಚ್ 31ರಂದು ಕಡಲಿಗೆ ಬಿಟ್ಟರು. ಆಗ ಅದರ ತೂಕವು 8 ಟನ್ನಿಗೂ ಮಿಕ್ಕಿತ್ತು. ನಿಜ; ಇದು ಸ್ತುತ್ಯವಾದ ಕಾರ್ಯವು. ಆದರೆ ಅಲ್ಲಿ ಮರಿಯನ್ನು ಉಳಿಸಿದ್ದು ದಂಡೆಯ ಮೇಲೆ ನಿಂತವರ ಕಣ್ಣೀರೇ? ಅಲ್ಲ. ತಕ್ಕ ಕೊಳವೂ, ತಕ್ಕ ಆಹಾರವೂ, ಅದರ ವಿದ್ಯೆಯನ್ನು ಬಲ್ಲ ವೈದ್ಯರೂ ಹತ್ತಿರವಿದ್ದರು. ಅಷ್ಟಾಗಿಯೂ ಅದರ ಮೈಗೆ ಅಂಟಿಸಿದ್ದ ಸಂಕೇತಯಂತ್ರಗಳು ಕೆಲವೇ ದಿನಗಳಲ್ಲಿ ಕಳಚಿಬಿದ್ದು, ಮುಂದೆ ಅದರ ಸುಳಿವೇ ಸಿಗಲಿಲ್ಲ. ವಿದ್ಯೆಯುಳ್ಳಲ್ಲಿ ಉಳಿಸುವದೂ, ಉಪಾಯವಿಲ್ಲದಲ್ಲಿ ನೋವನ್ನು ನೀಗಿಸುವದೂ ಕರುಣೆಯೇ. ಇವುಗಳಲ್ಲಿ ಯಾವುದು ಯಾವಾಗ ಎಂಬುದನ್ನು ನಿರ್ಣಯಿಸುವವನು ಬಲ್ಲವನಾಗಿರಬೇಕು, ಗದ್ದಲ ಮಾಡುವವನಲ್ಲ.

‘ಮೃಗಕ್ಕೆ ಇಷ್ಟು ಗೋಳೇಕೆ? ಮನುಷ್ಯರ ಮಕ್ಕಳೇ ಉಪವಾಸವಿಲ್ಲವೇ?’ ಎನ್ನುವವರೂ ಸಭೆಯಲ್ಲಿ ಒಬ್ಬಿಬ್ಬರಿದ್ದರು. ಅವರ ಪಕ್ಷವನ್ನು ನಾನು ಹಿಡಿದಿರುವೆನೆಂದು ಯಾರೂ ಭಾವಿಸಬಾರದು. ಹೀಗೆನ್ನುವವರು ಮನುಷ್ಯರ ಮಕ್ಕಳಿಗೆ ಒಂದು ಹಿಡಿ ಅನ್ನ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಕ್ರೌಂಚದ ಶೋಕದಿಂದ ಆದಿಕಾವ್ಯವು ಹುಟ್ಟಿದ ದೇಶದಲ್ಲಿ ಈ ವಾದಕ್ಕೆ ಹೆಚ್ಚಿನ ಉತ್ತರವು ಬೇಡ. ನನ್ನ ಜಗಳವಿರುವದು ಕರುಣೆಯೊಡನೆ ಅಲ್ಲ. ಕರುಣೆಯ ವೇಷವನ್ನು ಧರಿಸಿ ಬರುವ ಕೌತುಕದೊಡನೆ.

ಇವೆರಡರ ಭೇದವೇನು? ಪ್ರಾಣಿಗೆ ಏನು ಬೇಕೆಂದು ಕರುಣೆಯು ವಿಚಾರಿಸುವದು. ತನಗೆ ಏನು ಕಂಡೀತೆಂದು ಕೌತುಕವು ಧಾವಿಸುವದು. 2016ನೆಯ ಇಸವಿಯಲ್ಲಿ ರಾಮನಗರ ಸೀಮೆಯ ಮಂಚನಬೆಲೆ ಜಲಾಶಯದ ಬಳಿ ಸಿದ್ದ ಎಂಬ ಕಾಡಾನೆಯು ಮುಂಗಾಲು ಮುರಿದು ತಿಂಗಳುಗಟ್ಟಲೆ ನರಳಿದ್ದು ವಾಚಕರಿಗೆ ನೆನಪಿರಬಹುದು. ಸೈನ್ಯದ ಇಂಜಿನಿಯರರು ಅದು ಒರಗಿ ನಿಲ್ಲಲು ಉಕ್ಕಿನ ಆಧಾರವನ್ನು ಕಟ್ಟಿಕೊಟ್ಟರು, ವೈದ್ಯರು ಶ್ರಮಿಸಿದರು, ಡಿಸೆಂಬರ್ 9ರಂದು ಆನೆಯು ತೀರಿಕೊಂಡಿತು. 2023ರ ದೀಪಾವಳಿಯ ಮರುದಿನ ನಮ್ಮ ನೆರೆಯ ಕೊಂಕಣದ ಗಣಪತಿಪುಳೆಯ ದಂಡೆಗೆ ತಿಮಿಂಗಿಲದ ಮರಿಯೊಂದು ಬಂದು ಬಿದ್ದಿತು. ಅಲ್ಲಿಯ ಜನರೂ ಅಧಿಕಾರಿಗಳೂ ಎರಡು ದಿನ ಹೆಣಗಿ ಅದನ್ನು ಕಡಲಿಗೆ ಮುಟ್ಟಿಸಿದರು. ಆದರೂ ಅದು ಬದುಕಲಿಲ್ಲ. ಹೀಗೆ ಮೈಮುರಿದು ದುಡಿದವರಿಗೆ ನಾನು ಕೈಮುಗಿಯುವೆನು. ಆದರೆ ಇಂಥ ಪ್ರತಿಯೊಂದು ಎಡೆಯಲ್ಲಿ ದುಡಿಯುವವರು ಹತ್ತು ಮಂದಿಯಾದರೆ ನೋಡುವವರು ನೂರು ಮಂದಿ. ನೋವಿನಲ್ಲಿರುವ ಕಾಡುಪ್ರಾಣಿಗೆ ಜನಸಂದಣಿಯು ಔಷಧವೇ? ತಮ್ಮ ಮನೆಯ ರೋಗಿಯ ಸುತ್ತ ಊರ ಜನರು ಕೈಯಲ್ಲಿ ದೂರವಾಣಿಯನ್ನು ಹಿಡಿದು ಚಿತ್ರ ತೆಗೆಯುತ್ತ ನಿಂತರೆ ಇವರು ಸಹಿಸುವರೇ?

ಭಾಗವತದಲ್ಲಿಯ ಭರತರಾಜನ ಕಥೆಯು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಸಿಂಹದ ಗರ್ಜನೆಗೆ ಬೆದರಿದ ತುಂಬು ಬಸುರಿ ಹುಲ್ಲೆಯು ಹೊಳೆಯನ್ನು ಹಾರುವಾಗ ಗರ್ಭವು ಜಾರಿ ಮರಿಯು ನೀರಿಗೆ ಬಿದ್ದಿತು, ತಾಯಿಯು ಸತ್ತಿತು. ತಪಸ್ಸಿಗೆ ಕುಳಿತಿದ್ದ ಭರತನು ಆ ತಬ್ಬಲಿಯನ್ನು ಎತ್ತಿ ತಂದನು. ಎತ್ತಿದ್ದು ಧರ್ಮವೇ, ಪುರಾಣವು ಅದನ್ನು ಎಲ್ಲಿಯೂ ಹಳಿಯುವದಿಲ್ಲ. ಕೆಟ್ಟದ್ದು ಮುಂದೆ. ಅದು ತನ್ನ ಮರಿಯಾಯಿತು, ತನ್ನ ಆಟವಾಯಿತು, ಕಡೆಗೆ ಅದನ್ನೇ ಧ್ಯಾನಿಸುತ್ತ ಸತ್ತು ಅವನು ಹುಲ್ಲೆಯಾಗಿ ಹುಟ್ಟಿದನು. ದಯೆಗೂ ಮಮತೆಗೂ ನಡುವಣ ಗೆರೆಯು ಎಷ್ಟು ಸೂಕ್ಷ್ಮವೆಂದು ತೋರಿಸಲು ಪೌರಾಣಿಕನು ಅಷ್ಟು ದೊಡ್ಡ ರಾಜನನ್ನೇ ಎಡವಿಸಿದನು. ನಮ್ಮಂಥವರ ಮಾತೇನು?

ನಮ್ಮಂಥವರ ಮಾತನ್ನು ನನ್ನಿಂದಲೇ ಆರಂಭಿಸುವೆನು. 1988ರ ಸುಮಾರಿಗೆ ಕುಷ್ಟಗಿ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದೆನು. ಒಂದು ಬೆಳಿಗ್ಗೆ ಹುಡುಗರು ಕುರುಚಲು ಗುಡ್ಡದ ಗವಿಯಿಂದ ಮೂರು ತೋಳದ ಮರಿಗಳನ್ನು ಚೀಲದಲ್ಲಿ ತಂದರು. ‘ತಾಯಿ ಇಲ್ಲ, ಪಾಪ’ ಎಂದರು. ನಾನು ಅವರ ಬೆನ್ನು ತಟ್ಟಿದೆನು. ಆ ದಿನದ ಪಾಠವನ್ನು ಬಿಟ್ಟು ಭೂತದಯೆಯ ವಿಷಯವಾಗಿ ಒಂದು ತಾಸು ವ್ಯಾಖ್ಯಾನ ಮಾಡಿದೆನು. ಮರಿಗಳಿಗೆ ಬತ್ತಿಯಿಂದ ಆಕಳ ಹಾಲನ್ನು ಹಿಂಡಿದೆವು. ಊರೆಲ್ಲ ನೋಡಲು ಬಂದಿತು, ಎತ್ತಿಕೊಳ್ಳದ ಕೈಗಳಿಲ್ಲ. ಎರಡು ರಾತ್ರಿ ಊರ ಹೊರಗೆ ತೋಳವು ಊಳಿಟ್ಟಿತು. ನಾಲ್ಕನೆಯ ದಿನಕ್ಕೆ ಮೂರೂ ಮರಿಗಳು ಸತ್ತವು. ಮಣ್ಣು ಮಾಡುವಾಗ ಅಲ್ಲಿಗೆ ಬಂದ ಮುದಿ ಕುರಿಗಾರನೊಬ್ಬನು ನನಗೆ ಹೇಳಿದ ಮಾತು ಇದು: “ಇವು ಪರದೇಶಿ ಇದ್ದಿದ್ದಿಲ್ರಿ ಮಾಸ್ತರ. ಅವ್ವ ಕೂಳು ತರಾಕ ಹೋಗಿದ್ಲು. ಪರದೇಶಿ ಮಾಡಿದವ್ರು ನೀವ.” ಅವನ ಕುರಿಗಳನ್ನು ತೋಳಗಳು ಒಯ್ದಿದ್ದವು; ತೋಳದ ಮೇಲೆ ಅವನಿಗೆ ನನ್ನಂತೆ ಪ್ರೀತಿಯೇನೂ ಇರಲಿಲ್ಲ. ಆದರೂ ಆ ದಿನ ಆ ಊರಿನಲ್ಲಿ ನ್ಯಾಯವನ್ನು ಆಡಿದವನು ಅವನೊಬ್ಬನೇ.

ಸಭೆಯಲ್ಲಿ ನಾನು ಸುಮ್ಮನಿದ್ದುದರ ಕಾರಣವು ಇದೇ. ಕಾಲಿನ್ ಹೇಗೆ ತಬ್ಬಲಿಯಾಯಿತೋ ಯಾರೂ ಅರಿಯರು. ಆದರೆ ನಮ್ಮ ಸೀಮೆಯಲ್ಲಿ ತಬ್ಬಲಿಯೆಂದು ಮನೆಗೆ ತರುವ ಮರಿಗಳಲ್ಲಿ ಬಹಳಷ್ಟು ತಬ್ಬಲಿಗಳೇ ಅಲ್ಲ. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಸಿಕ್ಕ ಚಿರತೆಯ ಮರಿಗಳನ್ನು ಸಿಕ್ಕಲ್ಲಿಯೇ ಇರಿಸಿ ಜನರು ದೂರ ಸರಿದರೆ, ರಾತ್ರಿ ತಾಯಿಯು ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುವದನ್ನು ಮಹಾರಾಷ್ಟ್ರದ ಜುನ್ನರ ಭಾಗದಲ್ಲಿ ಅನೇಕ ಸಲ ಕಂಡಿದ್ದಾರೆ. ನಮ್ಮ ಗೋವಿನ ಹಾಡಿನ ತಾಯಿಯು ಕೊಟ್ಟ ಮಾತಿಗೆ ತಪ್ಪಲಿಲ್ಲವೆಂದು ಮಕ್ಕಳಿಗೆ ಕಲಿಸುವ ನಾವು, ಕಾಡಿನ ತಾಯಿಯು ಮರಳಿ ಬಂದಾಳೆಂದು ಒಂದು ರಾತ್ರಿ ಕಾಯಲಾರೆವು!

ಇನ್ನೊಂದು ಮಾತು. ಆಸ್ಟ್ರೇಲಿಯದ ಪೂರ್ವ ಕಡಲಿನ ಗೂನುಬೆನ್ನಿನ ತಿಮಿಂಗಿಲಗಳು ಎಣ್ಣೆಯ ಆಸೆಗೆ ಬಲಿಯಾಗಿ ಒಂದು ಕಾಲಕ್ಕೆ ಕೆಲವೇ ನೂರಕ್ಕೆ ಇಳಿದಿದ್ದವು. ಇಂದು ಹತ್ತಾರು ಸಾವಿರವಾಗಿವೆ. ಅವುಗಳನ್ನು ಉಳಿಸಿದ್ದು 1963ರಲ್ಲಿ ಅವುಗಳ ಬೇಟೆಗೆ ಹಾಕಿದ ತಡೆಯು. ಒಂದು ಮರಿಗಾಗಿ ಸುರಿಸಿದ ಕಣ್ಣೀರು ಒಂದು ವಾರಕ್ಕೆ ಆರುವದು. ತಾಯಂದಿರನ್ನು ಕಾಯುವ ಕಟ್ಟಳೆಯು ತಲೆಮಾರಿಗೂ ನಿಲ್ಲುವದು. ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ನೆಲವನ್ನು ತೋಳಗಳ ಧಾಮವೆಂದು ಮೀಸಲಿಟ್ಟಿರುವದೂ, 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿಗಳನ್ನು ಈದದ್ದೂ ನಮ್ಮ ಓದುಗರಲ್ಲಿ ಎಷ್ಟು ಜನರಿಗೆ ಗೊತ್ತು? ಸಿಡ್ನಿಯ ಮರಿಗಾಗಿ ಅತ್ತ ಸಭೆಯಲ್ಲಿ ಈ ಎಂಟು ಮರಿಗಳ ಹೆಸರನ್ನು ಯಾರೂ ಎತ್ತಲಿಲ್ಲ. ದೂರದ ತಬ್ಬಲಿಗೆ ಅಳುವದು ಸುಲಭವು. ಅದು ನಮ್ಮ ಕುರಿಯನ್ನು ತಿನ್ನದು, ನಮ್ಮ ನೆಲವನ್ನು ಕೇಳದು.

ಭಯವೂ ಸುಳ್ಳಲ್ಲವೆಂಬುದನ್ನು ನಾನು ಬಲ್ಲೆನು. 2020ರಲ್ಲಿ ಆನೆಗೊಂದಿಯ ಬಳಿಯ ಬೆಟ್ಟದ ದೇವಸ್ಥಾನದಲ್ಲಿ ಅಡಿಗೆಯ ತರುಣನೊಬ್ಬನು ಚಿರತೆಯ ಬಾಯಿಗೆ ತುತ್ತಾದನು. ಆ ಮನೆಯವರ ಮುಂದೆ ಅಹಿಂಸೆಯ ಉಪದೇಶವನ್ನು ಮಾಡುವಷ್ಟು ಧಾರ್ಷ್ಟ್ಯವು ನನಗಿಲ್ಲ. ಕುರಿ ಕಳೆದುಕೊಂಡವನಿಗೆ ಪರಿಹಾರವು ಹೊತ್ತಿಗೆ ಸಿಗಲೇಬೇಕು; ಅವನ ನಷ್ಟದ ಮೇಲೆ ನಮ್ಮ ಕರುಣೆಯನ್ನು ಕಟ್ಟುವದು ಅನ್ಯಾಯವು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೇ. ಚಳಿಗಾಲವು ಕಳೆಯುವ ಹೊತ್ತಿಗೆ ಗುಡ್ಡದ ಗವಿಗಳಲ್ಲಿ ಮರಿಗಳು ಕಣ್ಣು ತೆರೆಯುವವು. ನಿಮ್ಮ ಮಕ್ಕಳಾಗಲಿ ಆಳುಗಳಾಗಲಿ ಅವನ್ನು ಕಂಡುಬಂದು ಹೇಳಿದರೆ, ನೋಡಲು ಹೋಗಬೇಡಿರಿ, ಎತ್ತಿ ತರಬೇಡಿರಿ, ಊರಿಗೆ ಸಾರಬೇಡಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿ ಹಿಂದೆ ಸರಿಯಿರಿ. ಮರಿಯು ನಿಜವಾಗಿ ತಬ್ಬಲಿಯಾಗಿದ್ದು, ಬಲ್ಲವರು ಅದು ಉಳಿಯದೆಂದು ನಿರ್ಣಯಿಸಿದರೆ, ಅವರನ್ನು ಕಟುಕರೆನ್ನುವ ಮೊದಲು ಆ ಕೆಲಸವನ್ನು ಮಾಡುವಾಗ ಅವರ ಕೈ ನಡುಗಿರಬಹುದೆಂದು ಒಂದು ಗಳಿಗೆ ಯೋಚಿಸಿರಿ.

ಕರುಳು ಇದೆಯೇ ಎಂದು ಕೇಳಿದ ಸ್ನೇಹಿತರಿಗೆ ನನ್ನ ಉತ್ತರವು ಇದೇ. ಇದೆ. ಮೂವತ್ತೇಳು ಮೂವತ್ತೆಂಟು ವರ್ಷಗಳ ಹಿಂದೆಯೂ ಇತ್ತು. ಆಗ ಅದು ಮೂರು ಮರಿಗಳನ್ನು ಕೊಂದಿತು.